ಬ್ರೇಕ್ ಡಿಸ್ಕ್ ಮಾಡಿಸೋದು: ಕಾಸು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು?

ಬಾಹಾ ಸ್ಪರ್ಧೆಯ ಗಾಡಿಗೆ ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಎರಡೂ ಬೈಕ್ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಬೈಕಿನ ಡಿಸ್ಕ್ ನಾವು ಡಿಸೈನ್ ಮಾಡಿದ ಹಬ್‌ಗೆ ಕೂರಲ್ಲ, ಬೋಲ್ಟ್ ತೂತುಗಳ ಅಳತೆಯೇ ಬೇರೆ. ಹಾಗಾಗಿ ಡ್ರಾಯಿಂಗ್ ಹಿಡಿದು ಪೀಣ್ಯಕ್ಕೆ ಹೋಗಲೇಬೇಕು. ಬಜೆಟ್ ಕಮ್ಮಿ. ಆದರೆ ಬ್ರೇಕ್ ಟೆಸ್ಟ್‌ನಲ್ಲಿ ನಾಲ್ಕೂ ಚಕ್ರ ಲಾಕ್ ಆಗಬೇಕು, ಮೇಲಾಗಿ ಒಳಗೆ ಕೂತಿರೋದು ನಮ್ಮ ಕ್ಲಾಸ್‌ಮೇಟ್. ಹಾಗಾದ್ರೆ ಲೆಕ್ಕ ಹಾಕೋಣ.

1. ಮೆಟೀರಿಯಲ್‌ನಲ್ಲಿ ಉಳಿಸಬೇಡಿ

ಬರೀ "ಎಸ್‌ಎಸ್ ಕೊಡಿ" ಅಂದ್ರೆ ಸಾಮಾನ್ಯವಾಗಿ 304 ಸಿಗುತ್ತೆ. ಅದು ಹೀಟ್ ಟ್ರೀಟ್‌ಮೆಂಟ್ ಮಾಡಿದರೂ ಗಟ್ಟಿಯಾಗಲ್ಲ. ನಮಗೆ ಬೇಕಾದ್ದು 410 ಅಥವಾ 420. 304ಕ್ಕೆ ಮ್ಯಾಗ್ನೆಟ್ ಸರಿಯಾಗಿ ಅಂಟಲ್ಲ, 410ಕ್ಕೆ ಅಂಟುತ್ತೆ. ಆದರೆ ಎಂಎಸ್‌ಗೂ ಅಂಟುತ್ತಲ್ಲ! ಅದಕ್ಕೇ ಟೆಸ್ಟ್ ಸರ್ಟಿಫಿಕೇಟ್ ಕೇಳಿ ತಗೊಳ್ಳಿ.

180 ಮಿ.ಮೀ. ಡಿಸ್ಕ್‌ಗೆ 190 × 190 × 5 ಮಿ.ಮೀ. ಪ್ಲೇಟ್ ಸಾಕು. ತೂಕ ಸುಮಾರು 1.4 ಕೆಜಿ, ನಾಲ್ಕಕ್ಕೆ 5.6 ಕೆಜಿ. ಕೆಜಿಗೆ ನೂರು ರೂಪಾಯಿ ಅಗ್ಗದ ಪ್ಲೇಟ್ ತಂದರೂ ಉಳಿಯೋದು ಬರೀ 560 ರೂಪಾಯಿ.

2. ಡ್ರಾಯಿಂಗ್‌ನಲ್ಲಿ ಉಳಿಸಿ

ಲೇಸರ್ ಕಟಿಂಗ್‌ನಲ್ಲಿ ಬಿಲ್ ಏರೋದು ಕಟ್ ಮಾಡುವ ಉದ್ದ ಮತ್ತು ತೂತುಗಳ ಸಂಖ್ಯೆಯಿಂದ. ಡಿಸ್ಕಿನ ಹೊರಸುತ್ತು 565 ಮಿ.ಮೀ. ಲುಕ್ಕಿಗೆ ಅಂತ 6 ಮಿ.ಮೀ.ನ 40 ತೂತು ಹಾಕಿದ್ರೆ ಅವುಗಳ ಸುತ್ತಳತೆ ಸೇರಿ 754 ಮಿ.ಮೀ. ಅಂದ್ರೆ ಹೊರಸುತ್ತಿಗಿಂತ ತೂತಿನ ಖರ್ಚೇ ಜಾಸ್ತಿ! ಡಿಸ್ಕ್ 4 ಮಿ.ಮೀ. ದಪ್ಪ ಇದ್ದರೆ ಇಳಿಯುವ ತೂಕ ಸುಮಾರು 35 ಗ್ರಾಂ ಅಷ್ಟೇ. ನೀರು, ಕೆಸರು ಹೋಗೋಕೆ ಒಂದಿಷ್ಟು ತೂತು ಇರಲಿ. ಆದರೆ ಪ್ಲೇಟಿನ ದಪ್ಪಕ್ಕಿಂತ ಸಣ್ಣ ತೂತು ಬೇಡ, ಲೇಸರ್‌ನಲ್ಲಿ ನೀಟಾಗಿ ಬರಲ್ಲ.

ಎಲ್ಲ ಅಳತೆಗೂ ±0.02 ಅಂತ ಬರೆದರೆ ಶಾಪ್‌ನವರು ವೈರ್‌ಕಟ್ ರೇಟ್ ಹೇಳ್ತಾರೆ. ಹೊರ ವ್ಯಾಸ ಅರ್ಧ ಮಿ.ಮೀ. ಆಚೀಚೆ ಆದರೂ ಏನೂ ಆಗಲ್ಲ. ಹಬ್ ಮೇಲೆ ಕೂರುವ ನಡುವಿನ ತೂತು, ಬೋಲ್ಟ್ ತೂತುಗಳ ಜಾಗ, ಪ್ಯಾಡ್ ಉಜ್ಜುವ ಮುಖ, ಇಷ್ಟಕ್ಕೆ ಮಾತ್ರ ಬಿಗಿ ಟಾಲರೆನ್ಸ್ ಕೊಡಿ.

3. ಗ್ರೈಂಡಿಂಗ್ ಬಿಡಬೇಡಿ

ಕ್ರಮ ಹೀಗಿರಲಿ: ಮೊದಲು ಲೇಸರ್, ಆಮೇಲೆ ಹಾರ್ಡನಿಂಗ್, ಕೊನೆಗೆ ಎರಡೂ ಮುಖಕ್ಕೆ ಸರ್ಫೇಸ್ ಗ್ರೈಂಡಿಂಗ್. ಹಾರ್ಡನಿಂಗ್‌ನಲ್ಲಿ ಪ್ಲೇಟ್ ಸ್ವಲ್ಪ ಸೊಟ್ಟಗಾಗುತ್ತೆ, ಅದನ್ನು ಸರಿಮಾಡೋದು ಗ್ರೈಂಡಿಂಗ್. ಅದಕ್ಕೇ ನಾವು 5 ಮಿ.ಮೀ. ಪ್ಲೇಟ್ ತಗೊಂಡು 4ಕ್ಕೆ ಇಳಿಸೋದು. ಕೊನೆಯ ದಪ್ಪ ಎಷ್ಟು ಅನ್ನೋದನ್ನ ನಿಮ್ಮ ಕ್ಯಾಲಿಪರ್ ನೋಡಿ ನಿರ್ಧರಿಸಿ.

ಡಿಸ್ಕನ್ನು ಹಬ್‌ಗೆ ಬಿಗಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ. ಓಲಾಟ 0.1 ಮಿ.ಮೀ. ಒಳಗಿರಲಿ. ಜಾಸ್ತಿ ಇದ್ದರೆ ಡಿಸ್ಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತೆ, ಆಗ ಪೆಡಲ್ ಇನ್ನಷ್ಟು ಒಳಗೆ ಹೋದ ಮೇಲೇ ಬ್ರೇಕ್ ಹಿಡಿಯೋದು. ಗ್ರೈಂಡಿಂಗ್ ದುಡ್ಡು ಉಳಿಸಿದ್ರೆ ಅದರ ಬೆಲೆ ಕಟ್ಟೋದು ಸೀಟಿನಲ್ಲಿ ಕೂತವರು.

ಒಂದು ಕೊನೇ ಮಾತು: ಶಾಪ್‌ಗೆ ಹೋಗುವಾಗ ಡಿಎಕ್ಸ್‌ಎಫ್ ಫೈಲ್ ಜೊತೆ ಪ್ರಿಂಟ್ ಮಾಡಿದ ಡ್ರಾಯಿಂಗೂ ಇರಲಿ. "ಅಣ್ಣಾ, ಇದರಲ್ಲಿ ಏನು ಬದಲಾಯಿಸಿದ್ರೆ ರೇಟ್ ಇಳಿಯುತ್ತೆ?" ಅಂತ ಮೆಷಿನ್ ಮುಂದೆ ನಿಂತವರನ್ನೇ ಕೇಳಿ.