ಅಂಗೈಯಗಲದ ತೆರೆಯಲ್ಲಿ ಗುರುತ್ವಾಕರ್ಷಣೆ

ನಾಲ್ಕು ಗಾಲಿಗಳ ಮೇಲೆ ಕೂಡಿಸಿದ ಕಿರುಹಲಗೆ. ಅದರ ಮೇಲೆ ನಿಂತು ಸರಿದುಬರುವ ಆಟಗಾರನು ಕೈಯಿಂದ ಹಲಗೆಯನ್ನು ಮುಟ್ಟದೆಯೇ ಅದರೊಡನೆ ಮೇಲಕ್ಕೆ ನೆಗೆಯುತ್ತಾನೆ. ಅಮೆರಿಕದಲ್ಲಿ ಬೆಳೆದ ಈ ಸ್ಕೇಟ್‌ಬೋರ್ಡ್ ವಿದ್ಯೆಯು 2001ರಲ್ಲಿ ನಿಂಟೆಂಡೊ ಸಂಸ್ಥೆಯ ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಕೈಯಂತ್ರಕ್ಕೂ ಬಂದಿತು. ‘ಟೋನಿ ಹಾಕ್ಸ್ ಪ್ರೋ ಸ್ಕೇಟರ್ 2’ ಎಂಬ ಆಟವನ್ನು ಆ ಯಂತ್ರಕ್ಕೆ ಹೊಂದಿಸಿದವರು ವಿಕೇರಿಯಸ್ ವಿಷನ್ಸ್ ಎಂಬ ಸಂಸ್ಥೆಯವರು. ಗುಂಡಿಯನ್ನು ಅದುಮಿ ಹಿಡಿದರೆ ತೆರೆಯ ಮೇಲಿನ ಆಟಗಾರನು ಮೊಣಕಾಲನ್ನು ಬಗ್ಗಿಸುವನು, ಬೆರಳನ್ನೆತ್ತಿದರೆ ನೆಗೆಯುವನು, ನೆಗೆದವನು ಮತ್ತೆ ನೆಲಕ್ಕಿಳಿಯುವನು. ಏಕೆ ಇಳಿಯುತ್ತಾನೆ? ತೆರೆಯೊಳಗೆ ಭೂಮಿಯೂ ಇಲ್ಲ, ಅವನಿಗೆ ತೂಕವೂ ಇಲ್ಲವಷ್ಟೆ.

ಮೊದಲು ಯಂತ್ರದ ಶಕ್ತಿಯನ್ನು ತಿಳಿಯೋಣ. ಎರಡು ಸಣ್ಣ ಬ್ಯಾಟರಿಗಳಿಂದ ನಡೆಯುವ ಇದರ ತೆರೆಯಲ್ಲಿ ಅಡ್ಡಲಾಗಿ 240, ಉದ್ದಕ್ಕೆ 160, ಒಟ್ಟು 38,400 ಚುಕ್ಕೆಗಳು. ತೆರೆಯ ಚಿತ್ರವು ಸೆಕೆಂಡಿಗೆ ಸುಮಾರು 60 ಸಲ ಹೊಸದಾಗುವುದು. ಲೆಕ್ಕಮಾಡುವ ಭಾಗವು ಸೆಕೆಂಡಿಗೆ ಸುಮಾರು 1 ಕೋಟಿ 68 ಲಕ್ಷ ಸಲ ಮಿಡಿಯುತ್ತದೆ. ಆದರೆ ಅದು ಬಲ್ಲದ್ದು ಪೂರ್ಣಾಂಕಗಳನ್ನು ಮಾತ್ರ. ಭಿನ್ನರಾಶಿಗಳಿಗೆಂದು ಅದರಲ್ಲಿ ಪ್ರತ್ಯೇಕ ಏರ್ಪಾಡಿಲ್ಲ. ತೊಡಕು ಇಲ್ಲಿಯೇ ಇದೆ.

ಮೇಲೆಸೆದ ವಸ್ತುವಿನ ವೇಗವು ಸಮಕಾಲಗಳಲ್ಲಿ ಸಮವಾಗಿ ಕುಗ್ಗುತ್ತದೆಂಬುದು ಗೆಲಿಲಿಯೊನ ಕಾಲದಿಂದ ತಿಳಿದ ಸಂಗತಿ. ಯಂತ್ರವು ಮಾಡಬೇಕಾದುದೂ ಇಷ್ಟೇ: ಪ್ರತಿಯೊಂದು ಚಿತ್ರಕ್ಕೂ ವೇಗದಲ್ಲಿ ಒಂದು ಗೊತ್ತಾದ ಪಾಲನ್ನು ಕಳೆಯುವುದು, ಉಳಿದ ವೇಗವನ್ನು ಎತ್ತರಕ್ಕೆ ಕೂಡಿಸುವುದು. ಉದಾಹರಣೆಗೆ ನಾವೇ ಅಂಕೆಗಳನ್ನು ಆರಿಸಿಕೊಳ್ಳೋಣ. ನೆಗೆಯುವ ವೇಗ ಚಿತ್ರವೊಂದಕ್ಕೆ 4 ಚುಕ್ಕೆ. ಪ್ರತಿಸಲ ಕಳೆಯುವ ಪಾಲು ಕಾಲು ಚುಕ್ಕೆ. ಮೊದಲ ಚಿತ್ರದಲ್ಲಿ ಆಟಗಾರನು ಮೂರೂಮುಕ್ಕಾಲು ಚುಕ್ಕೆ ಏರುವನು, ಎರಡನೆಯದರಲ್ಲಿ ಮೂರೂವರೆ. ಹೀಗೆ ಏರಿಕೆ ಕುಗ್ಗುತ್ತ 15 ಚಿತ್ರಗಳಲ್ಲಿ 30 ಚುಕ್ಕೆಗಳ ಎತ್ತರವನ್ನು ಮುಟ್ಟುವನು. ಒಂದು ಚಿತ್ರದಷ್ಟು ಕಾಲ ನಿಂತು, ಮತ್ತೆ 15 ಚಿತ್ರಗಳಲ್ಲಿ ಕೆಳಗಿಳಿಯುವನು. ಎಲ್ಲವೂ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು.

ಆದರೆ ಪೂರ್ಣಾಂಕವನ್ನು ಮಾತ್ರ ಬಲ್ಲ ಯಂತ್ರಕ್ಕೆ ಕಾಲು ಎಂದರೆ ಸೊನ್ನೆ! ಸೊನ್ನೆಯನ್ನು ಕಳೆಯುತ್ತ ಹೋದರೆ ವೇಗವು ಎಂದೂ ತಗ್ಗದು. ನೆಗೆದವನು ತೆರೆಯ ಅಂಚನ್ನು ದಾಟಿ ಹೋಗುವನೇ ಹೊರತು ಹಿಂದಿರುಗಲಾರನು. ಇದಕ್ಕೆ ಉಪಾಯ ನಮ್ಮ ಅಂಗಡಿಗಳಲ್ಲಿಯೇ ಇದೆ. ರೂಪಾಯಿಯ ಭಿನ್ನಗಳನ್ನು ಬರೆಯಲೊಲ್ಲದ ವರ್ತಕನು ಲೆಕ್ಕವನ್ನೆಲ್ಲ ಪೈಸೆಗಳಲ್ಲಿ ಇಡುವುದಿಲ್ಲವೆ? ಹಾಗೆಯೇ ಒಂದು ಚುಕ್ಕೆಯನ್ನು 256 ಪಾಲುಗಳೆಂದು ಬಗೆದರೆ, 4 ಚುಕ್ಕೆ 1024 ಆಗುವುದು, ಕಾಲು ಚುಕ್ಕೆ 64 ಆಗುವುದು. ಚಿತ್ರವನ್ನು ಬರೆಯುವಾಗ ಮಾತ್ರ 256ರಿಂದ ಭಾಗಿಸಿ ಶೇಷವನ್ನು ಕೈಬಿಟ್ಟರಾಯಿತು. 256 ಎಂಬ ವಿಚಿತ್ರ ಸಂಖ್ಯೆಯೇಕೆಂದು ವಾಚಕರು ಕೇಳಬಹುದು. ಯಂತ್ರವು ಎಣಿಸುವುದು ಎರಡರ ಮಾನದಲ್ಲಿ. 256 ಎಂದರೆ ಎಂಟು ಎರಡುಗಳ ಗುಣಲಬ್ಧ. ನಾವು ನೂರರಿಂದ ಭಾಗಿಸಲು ಕೊನೆಯ ಎರಡು ಅಂಕಿಗಳನ್ನು ಬಿಡುವಂತೆ, ಅದು ಕೊನೆಯ ಎಂಟು ಅಂಕಿಗಳನ್ನು ಬಿಟ್ಟುಬಿಡುತ್ತದೆ.

ಎತ್ತರವನ್ನು ತೋರಿಸುವುದು ಇನ್ನೊಂದು ಸಮಸ್ಯೆ. ಈ ಆಟದಲ್ಲಿ ಬಯಲನ್ನು ಮೇಲಿನ ಮೂಲೆಯಿಂದ ಓರೆಯಾಗಿ ಕಂಡಂತೆ ಬರೆದಿದ್ದಾರೆ. ಇಂಥ ಚಿತ್ರದಲ್ಲಿ ದೂರ ಸರಿದವನೂ ತೆರೆಯ ಮೇಲ್ಭಾಗಕ್ಕೆ ಹೋಗುವನು, ನೆಗೆದವನೂ ಹೋಗುವನು. ಇವರಿಬ್ಬರನ್ನು ಕಣ್ಣು ಬೇರ್ಪಡಿಸಲಾರದು. ಕಾಲಡಿಯಲ್ಲಿ ಒಂದು ಕಪ್ಪು ನೆರಳನ್ನಿಟ್ಟರೆ ಗೊಂದಲ ತೀರುವುದು. ನೆರಳು ನೆಲದಲ್ಲೇ ಉಳಿದು ದೇಹ ಮಾತ್ರ ಬೇರೆಯಾದರೆ ಅದು ನೆಗೆತವೆಂದು ಮಕ್ಕಳೂ ಅರಿಯುವರು.

ಬೀಳುವಿಕೆಯ ನಿಯಮಕ್ಕೆ ತಲೆಬಾಗಿದ ಈ ಆಟವು ತಿರುಗುವಿಕೆಯ ನಿಯಮವನ್ನು ಮಾತ್ರ ಧಾರಾಳವಾಗಿ ಮೀರಿದೆ. 1999ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಟೋನಿ ಹಾಕ್ ಗಾಳಿಯಲ್ಲಿ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು, ತಿರುಗಿ ಇಳಿದನು. ಆ ಸುತ್ತಿಗೆ ಬೇಕಾದ ತಿರುಚನ್ನೆಲ್ಲ ಇಳಿಜಾರನ್ನು ಬಿಡುವ ಮೊದಲೇ ಪಡೆದಿರಬೇಕು. ಅನಂತರ ದೇಹವನ್ನು ಮುದುಡಿ ವೇಗವನ್ನು ಹೆಚ್ಚಿಸಬಹುದು, ಚಾಚಿ ತಗ್ಗಿಸಬಹುದು, ಅಷ್ಟೆ. ಕೈಯಂತ್ರದಲ್ಲಿಯಾದರೋ ಗಾಳಿಯಲ್ಲಿರುವಾಗಲೇ ಎಡಕ್ಕೊತ್ತಿದರೆ ಸುತ್ತು ಮೊದಲಾಗುವುದು, ಬಿಟ್ಟರೆ ನಿಲ್ಲುವುದು. ಇದು ದೋಷವೆಂದು ನಮಗೆ ತೋರದು. ನೆಗೆದ ಮೇಲೆ ಹೆಬ್ಬೆರಳಿಗೆ ಕೆಲಸವೇ ಇಲ್ಲದಿದ್ದರೆ ಅದನ್ನು ಆಟವೆನ್ನುವುದಾದರೂ ಹೇಗೆ? ನೆಲ ಮುಟ್ಟುವ ಗಳಿಗೆಯಲ್ಲಿ ಮಾತ್ರ ರಿಯಾಯಿತಿಯಿಲ್ಲ: ಹಲಗೆಯು ಓಟದ ದಿಕ್ಕಿಗೆ ಅಡ್ಡವಾಗಿದ್ದರೆ ಆಟಗಾರನು ಉರುಳುವನು, ಆ ನೆಗೆತದಲ್ಲಿ ಗಳಿಸಿದ ಅಂಕಗಳೂ ಅವನೊಡನೆ ಹೋಗುವುವು.