ಪಿಯುಸಿಯಲ್ಲಿ ಮನಃಶಾಸ್ತ್ರ: ಓಕಳಿಪುರಂ ಮಕ್ಕಳಿಗೆ, ಹಂತ ಹಂತವಾಗಿ

ಎಸ್ಸೆಸ್ಸೆಲ್ಸಿ ಮುಗಿಸಿ ಮನಃಶಾಸ್ತ್ರ ತೊಗೋತೀನಿ ಅಂದರೆ ಮನೆಯಲ್ಲಿ ಮೊದಲು ಕೇಳುವುದು, ‘ಅದ್ಯಾವುದಪ್ಪಾ ಹೊಸದು?’ ಹೊಸದಲ್ಲ ಅನ್ನಿ. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್ಮನ್ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮೈಸೂರಿನ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ವಿಭಾಗ ಕಟ್ಟಿದರು. 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದವರೂ ಅವರೇ.

ಹಂತ 1: ಕಾಲೇಜು ಹುಡುಕಿ. ಎಲ್ಲ ಪಿಯು ಕಾಲೇಜಿನಲ್ಲೂ ಈ ವಿಷಯ ಇರುವುದಿಲ್ಲ. ಫೀಸು ಕಟ್ಟುವ ಮುಂಚೆ ಕಾಂಬಿನೇಷನ್ ಪಟ್ಟಿ ನೋಡಿ. ಲ್ಯಾಬ್ ತೋರಿಸಿ ಎಂದು ಧೈರ್ಯವಾಗಿ ಕೇಳಿ. ಅನುಮಾನ ಬಂದರೆ ಪಿಯು ಇಲಾಖೆಯ ಕಚೇರಿ ಮಲ್ಲೇಶ್ವರದ 18ನೇ ಕ್ರಾಸಿನಲ್ಲೇ ಇದೆ.

ಹಂತ 2: ಅಂಕದ ಲೆಕ್ಕ ತಿಳಿಯಿರಿ. ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕಕ್ಕೆ 30. ಆ ಮೂವತ್ತನ್ನು ಹಗುರವಾಗಿ ಕಾಣಬೇಡಿ. ವಿಷಯದ ಜೀವ ಇರುವುದೇ ಅಲ್ಲಿ.

ಹಂತ 3: ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಮೂರಂಕಿಯಿಂದ ಹತ್ತಂಕಿಯವರೆಗೆ ಸಾಲುಗಳನ್ನು ಬರೆದುಕೊಳ್ಳಿ, ಪ್ರತಿ ಉದ್ದಕ್ಕೂ ಎರಡೆರಡು. ಅಕ್ಕನನ್ನೋ ಅಜ್ಜಿಯನ್ನೋ ಎದುರು ಕೂರಿಸಿ, ಸೆಕೆಂಡಿಗೊಂದು ಅಂಕಿಯಂತೆ ರಾಗವಿಲ್ಲದೆ ಓದಿ. ಅವರು ಅದೇ ಕ್ರಮದಲ್ಲಿ ಹೇಳಬೇಕು. ಒಂದೇ ಉದ್ದದ ಎರಡೂ ಸಾಲು ತಪ್ಪಿದರೆ ಅಲ್ಲಿಗೆ ನಿಲ್ಲಿಸಿ. ಸಾಮಾನ್ಯವಾಗಿ ಏಳರ ಆಸುಪಾಸು ನಿಲ್ಲುತ್ತದೆ. ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಇದರ ಮೇಲೇ. ಸಾಲು 560ರಿಂದ ಶುರುವಾಗದಂತೆ ನೋಡಿಕೊಳ್ಳಿ. ಬೆಂಗಳೂರಿನವರು ಅದನ್ನು ಪಿನ್‌ಕೋಡ್ ಎಂದು ಒಂದೇ ಗಂಟಾಗಿ ಹಿಡಿದುಬಿಡುತ್ತಾರೆ, ಲೆಕ್ಕ ಕೆಡುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕುಂಟು: ರೈಲಿನ ಸದ್ದು. ಮಧ್ಯೆ ಗಾಡಿ ಹೋದರೆ ಆ ಸಾಲು ಬಿಟ್ಟು ಹೊಸದನ್ನು ಓದಿ. ಬಿಟ್ಟಿದ್ದನ್ನೂ ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಬರೆಯಿರಿ. ಇಲ್ಲವೇ ಆ ಸದ್ದನ್ನೇ ಪರೀಕ್ಷೆಗೆ ಒಡ್ಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಒಮ್ಮೆ ನಿಶ್ಶಬ್ದದಲ್ಲಿ, ಒಮ್ಮೆ ಸದ್ದಿನಲ್ಲಿ ಬೇರೆ ಬೇರೆ ಸಾಲು ಓದಿ. ಹಲವರ ಮೇಲೆ ಮಾಡುವಾಗ ಅರ್ಧ ಜನಕ್ಕೆ ನಿಶ್ಶಬ್ದ ಮೊದಲು, ಉಳಿದವರಿಗೆ ಸದ್ದು ಮೊದಲು ಇರಲಿ. ಇಲ್ಲದಿದ್ದರೆ ಅಭ್ಯಾಸದಿಂದ ಬಂದ ಸುಧಾರಣೆಯನ್ನು ನಿಶ್ಶಬ್ದದ ಫಲವೆಂದು ಭ್ರಮಿಸುತ್ತೀರಿ. ಮುಗಿದ ಮೇಲೆ ‘ಹೇಗೆ ನೆನಪಿಟ್ಟುಕೊಂಡಿರಿ?’ ಎಂದು ಕೇಳಿ, ಉತ್ತರವನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಬಂದ ಸಂಖ್ಯೆ ಪಠ್ಯಕ್ಕೆ ಹೊಂದಲಿಲ್ಲವೆಂದು ತಿದ್ದಲೇಬೇಡಿ. ಏಕೆ ಹೊಂದಲಿಲ್ಲ ಎಂಬ ಚರ್ಚೆಯಲ್ಲೇ ನಿಮ್ಮ ತಿಳಿವಳಿಕೆ ಕಾಣುವುದು.

ಹಂತ 4: ಪಠ್ಯದಾಚೆಗೂ ಓದಿ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳ ಕನ್ನಡ ತಿಳಿಯಾಗಿದೆ.

ಹಂತ 5: ಮಾನಸಿಕ ಕಾಯಿಲೆಗಳ ಪಾಠ ಬಂದಾಗ ನಿಧಾನಿಸಿ. ಪ್ರತಿ ಲಕ್ಷಣವೂ ತನ್ನಲ್ಲೇ ಇದ್ದಂತೆ, ಪಕ್ಕದ ಮನೆಯವರಲ್ಲಿ ಇದ್ದಂತೆ ಅನ್ನಿಸುತ್ತದೆ. ಯಾರಿಗೂ ಹೆಸರು ಅಂಟಿಸಬೇಡಿ; ಆ ಕೆಲಸಕ್ಕೆ ವರ್ಷಗಟ್ಟಲೆ ತರಬೇತಿ ಬೇಕು. ನಿಮಗೇ ನಿಜವಾಗಿ ಭಾರವಾಗಿದ್ದರೆ ಪಾಠ ಪಕ್ಕಕ್ಕಿಟ್ಟು ಮೇಷ್ಟ್ರಿಗೋ ಮನೆಯವರಿಗೋ ಹೇಳಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.