ಒಳಬೆಳೆದ ಕಾಲುಗುರು: ಚಿಕಿತ್ಸೆ ಮತ್ತು ಆರೈಕೆ

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಯ ದುಡಿಯುವ ಜನರಲ್ಲಿ ಬಹುಮಂದಿ ದಿನವೂ ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣ ಮಾಡುತ್ತಾರೆ. ಬಿಗಿಯಾದ ಬೂಟು, ಬೆವರು, ಮಳೆಗಾಲದಲ್ಲಿ ಒದ್ದೆಯಾಗಿಯೇ ಉಳಿಯುವ ಕಾಲುಚೀಲ, ನೂಕುನುಗ್ಗಲಿನ ತುಳಿತ ಇವೆಲ್ಲವೂ ಕಾಲಿನ ಹೆಬ್ಬೆರಳಿಗೆ ಹಾನಿಕರ. ಇವುಗಳಿಂದ ಉಲ್ಬಣಿಸುವ ತೊಂದರೆಗಳಲ್ಲೊಂದು, ಉಗುರಿನ ಅಂಚು ಪಕ್ಕದ ಮಾಂಸದೊಳಕ್ಕೆ ಬೆಳೆಯುವುದು. ಅಲ್ಪವೆಂದು ಕಡೆಗಣಿಸಿದರೆ ನಡೆಯುವುದೇ ಕಷ್ಟವಾಗಿ ದುಡಿಮೆಗೆ ಅಡ್ಡಿಯಾಗುತ್ತದೆ.

ಕಾರಣ ಮತ್ತು ಲಕ್ಷಣಗಳು

ಉಗುರನ್ನು ಅತಿ ಗಿಡ್ಡವಾಗಿ, ಮೂಲೆಗಳನ್ನು ದುಂಡಗೆ ಕತ್ತರಿಸುವುದು ಇದಕ್ಕೆ ಒಂದು ಮುಖ್ಯ ಕಾರಣ. ಮೂಲೆಯಲ್ಲಿ ಉಳಿಯುವ ಮುಳ್ಳಿನಂಥ ಚೂರು, ಉಗುರು ಬೆಳೆದಂತೆ ಚರ್ಮವನ್ನು ಚುಚ್ಚುತ್ತದೆ. ಮೊದಲು ನೋವು ಮತ್ತು ಬಾವು, ಅನಂತರ ಕೀವು, ಕೊನೆಗೆ ದುರ್ಮಾಂಸ ಕಾಣಿಸಿಕೊಳ್ಳುತ್ತದೆ. ನೋವು ತಾಳಲಾರದೆ ಅನೇಕರು ಮತ್ತೆ ಅದೇ ಮೂಲೆಯನ್ನು ಕತ್ತರಿಸುತ್ತಾರೆ. ಕೆಲವು ದಿನ ಹಾಯೆನಿಸಿದರೂ ಹೊಸ ಮುಳ್ಳು ಇನ್ನೂ ಆಳದಿಂದ ಹೊರಡುತ್ತದೆ.

ಮನೆಯ ಉಪಚಾರ

ಕೀವು ಇಲ್ಲದಿದ್ದಾಗ ದಿನಕ್ಕೆ ಎರಡು ಮೂರು ಬಾರಿ, 10ರಿಂದ 20 ನಿಮಿಷ ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿರಿಸಿ, ಚೆನ್ನಾಗಿ ಒರೆಸಬೇಕು. ಹತ್ತಿಯ ತೆಳು ಎಳೆಯನ್ನು ಉಗುರಿನ ಅಂಚಿನ ಕೆಳಗೆ ಮೆಲ್ಲನೆ ಸೇರಿಸಿ, ದಿನವೂ ಬದಲಾಯಿಸಬೇಕು. ಮುಂಭಾಗ ತೆರೆದ ಪಾದರಕ್ಷೆ ಧರಿಸಬೇಕು. ಪಿನ್ನು, ಬ್ಲೇಡುಗಳಿಂದ ಕೆದಕುವುದು ಅಪಾಯಕಾರಿ. ಸಕ್ಕರೆ ಕಾಯಿಲೆ ಉಳ್ಳವರು, ಕಾಲಿನ ರಕ್ತಸಂಚಾರ ಕುಂದಿದವರು ಮನೆಮದ್ದಿನಲ್ಲಿ ಕಾಲಕಳೆಯದೆ ವೈದ್ಯರನ್ನು ಕಾಣಬೇಕು. ಅವರಲ್ಲಿ ಸಣ್ಣ ಹುಣ್ಣೂ ಬೆರಳಿಗೇ ಕುತ್ತು ತರಬಹುದು.

ಶಸ್ತ್ರಚಿಕಿತ್ಸೆ

ಕೀವು ತುಂಬಿದಾಗ ಅಥವಾ ತೊಂದರೆ ಮರುಕಳಿಸಿದಾಗ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬೆರಳಿಗೆ ಮಾತ್ರ ಜೋಮು ಹಿಡಿಸುವ ಚುಚ್ಚುಮದ್ದು ಕೊಟ್ಟು, ಒಳಸೇರಿದ ಉಗುರಿನ ಪಟ್ಟಿಯನ್ನಷ್ಟೇ ತೆಗೆಯುತ್ತಾರೆ. ಅಷ್ಟು ಭಾಗದ ಬೇರಿಗೆ ಫೀನಾಲ್ ಹಚ್ಚಿದರೆ ಅಲ್ಲಿ ಉಗುರು ಮತ್ತೆ ಬೆಳೆಯುವ ಸಂಭವ ಬಹಳ ಕಡಿಮೆ. ರೋಗಿ ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ ಹಾಗೂ ವಾಶಿಯ ಮಹಾನಗರಪಾಲಿಕೆ ಆಸ್ಪತ್ರೆಯ ಹೊರರೋಗಿ ವಿಭಾಗಗಳಲ್ಲಿ ಈ ಕುರಿತು ವಿಚಾರಿಸಬಹುದು.

ನಂತರದ ಆರೈಕೆ

ಮೊದಲ ಒಂದೆರಡು ದಿನ ಪಾದವನ್ನು ದಿಂಬಿನ ಮೇಲೆ ಎತ್ತರಿಸಿಟ್ಟು ವಿಶ್ರಾಂತಿ ಪಡೆಯಬೇಕು. ವೈದ್ಯರು ಹೇಳಿದ ದಿನದಿಂದ ಗಾಯವನ್ನು ತೊಳೆದು, ಒಣಗಿಸಿ, ಹೊಸ ಪಟ್ಟಿ ಕಟ್ಟಬೇಕು. ಮಳೆಯ ಕೊಳೆನೀರು ತಾಗದಂತೆ ಎಚ್ಚರ ವಹಿಸಬೇಕು. ಸಾಧ್ಯವಾದರೆ ಕೆಲವು ದಿನ ರಜೆ ಪಡೆಯುವುದು, ಇಲ್ಲವೇ ಜನಸಂದಣಿಯ ಹೊತ್ತನ್ನು ಬಿಟ್ಟು ಪ್ರಯಾಣಿಸುವುದು ಲೇಸು. ಫೀನಾಲ್ ಹಚ್ಚಿದ ಗಾಯದಿಂದ ಕೆಲವು ವಾರ ತಿಳಿಯಾದ ದ್ರವ ಒಸರುವುದು ಸಹಜ. ಆದರೆ ನೋವು ದಿನೇ ದಿನೇ ಹೆಚ್ಚಿದರೆ, ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರು ಮಾತ್ರ ಬೆಳೆಯುತ್ತದೆ. ಉಗುರನ್ನು ಪೂರ್ತಿ ತೆಗೆದಲ್ಲಿ ಹೊಸದು ಬರಲು 12ರಿಂದ 18 ತಿಂಗಳು ಬೇಕಾಗಬಹುದು. ಆದ್ದರಿಂದ ತಾಳ್ಮೆ ಅಗತ್ಯ. ಮುಂದೆ ಉಗುರನ್ನು ನೇರವಾಗಿ, ಬೆರಳಿನ ತುದಿಗೆ ಸಮನಾಗಿ ಕತ್ತರಿಸಬೇಕು. ಮೂಲೆಗಳನ್ನು ಹಾಗೆಯೇ ಬಿಡಬೇಕು. ಬೆರಳುಗಳು ಆಡುವಷ್ಟು ಅವಕಾಶವಿರುವ ಬೂಟನ್ನೇ ಆರಿಸಿಕೊಳ್ಳಬೇಕು.